ಮೂಗು ಮುಂದಾಗಿ ಹೋಗುವ ಗುಂಡು

(ಕೇರಳದ ಕಾಸರಗೋಡು ಕಡೆಯ ನಮ್ಮೂರ ವಾಚನಾಲಯದ ತಿಂಗಳ ಸಭೆಯಲ್ಲಿ ಆಡಿದ ಮಾತುಗಳನ್ನು ಬರಹಕ್ಕಿಳಿಸಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಬಂದ ಜಾಗದಲ್ಲೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ವಾಚನಾಲಯದ ಕಾರ್ಯದರ್ಶಿಗಳು ಫೋನ್ ಮಾಡಿ, "ಮಾಷ್ಟ್ರೇ, ಈ ಸಲ ಹಂದಿ ವಿಷಯ ಮಾತಾಡಿ" ಅಂದರು. ಹಂದಿ ವಿಷಯ ನಾನು ಹೇಳುವುದೇನಿದೆ? ಅಡಕೆ ಸಸಿ ಬುಡ ಅಗೆದು ಹಾಕುವುದು, ಗದ್ದೆಯಲ್ಲಿ ಹೊರಳುವುದು, ಮರಗೆಣಸು ಒಂದೂ ಬಿಡದೆ ಕಿತ್ತು ತಿನ್ನುವುದು, ಇದೆಲ್ಲ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನಾನು ಜೀವನವಿಡೀ ಫಿಸಿಕ್ಸ್ ಕಲಿಸಿದವನು. ಹಾಗಾಗಿ ಹಂದಿಯನ್ನು ನಿಮಗೆ ಬಿಟ್ಟು ಗುಂಡನ್ನು ನಾನು ಹಿಡಿದುಕೊಂಡಿದ್ದೇನೆ. ಕೋವಿಯ ನಳಿಗೆಯೊಳಗೆ ಒಂದು ತಿರುಪು ಇರುತ್ತದೆ. ಅದು ಯಾಕೆ, ಎಷ್ಟು ಇರಬೇಕು, ಇಷ್ಟೇ ಇವತ್ತಿನ ಮಾತು.

ನಮ್ಮ ಮನೆಯಲ್ಲಿ ಮೊಟ್ಟೆ ಕೂಡ ಹೊಸ್ತಿಲು ದಾಟುವುದಿಲ್ಲ. ಆದರೆ ಚಾವಡಿಯ ಗೋಡೆಯಲ್ಲಿ ಅಜ್ಜನ ಕಾಲದಿಂದಲೂ ಒಂದು ಬೆಡಿ ನೇತಾಡುತ್ತಿತ್ತು. ಒಂಟಿ ನಳಿಗೆಯ ತೋಟೆಕೋವಿ. ಅಪ್ಪ ಅದನ್ನು ಮಂಗ ಓಡಿಸುವುದಕ್ಕೆ ಆಕಾಶಕ್ಕೆ ಹಾರಿಸಿದ್ದೇ ಜಾಸ್ತಿ. ನಮ್ಮ ಕಡೆ ಕೋವಿಗೂ ಬೆಡಿ, ಜಾತ್ರೆಯ ಸಿಡಿಮದ್ದಿಗೂ ಬೆಡಿ. ಕುಂಬಳೆ ಬೆಡಿ ನೋಡುವುದಕ್ಕೆ ಹೋಗುವವರು ಕೋವಿ ನೋಡುವುದಕ್ಕೆ ಹೋಗುವುದಲ್ಲ. ಸದ್ದು ಬಂದರೆ ಸಾಕು, ನಮಗೆ ಅದು ಬೆಡಿಯೇ. ಆದರೆ ಗುರಿ ವಿಷಯ ಬಂದಾಗ ಸದ್ದಿನಿಂದ ಏನೂ ಆಗುವುದಿಲ್ಲ. ನಳಿಗೆಯ ಒಳಗೆ ಏನಿದೆ ಅಂತ ನೋಡಬೇಕು.

ಕಾನೂನಿನ ಮಾತು ಒಂದು ನಿಮಿಷದಲ್ಲಿ ಮುಗಿಸುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈಗ ಶೋಕಿಗೆ ಬೇಟೆ ಅನ್ನುವುದು ನಮ್ಮ ದೇಶದಲ್ಲಿ ಇಲ್ಲ. ಬೆಳೆ ಹಾಳು ಮಾಡುವ ಕಾಡುಹಂದಿಗೆ ಗುಂಡು ಹೊಡೆಯಲು ಅನುಮತಿ ಕೊಡುವ ಅಧಿಕಾರವನ್ನು ಕೇರಳ ಸರ್ಕಾರ 2022ರ ಮೇ ತಿಂಗಳಲ್ಲಿ ಪಂಚಾಯತ್ ಅಧ್ಯಕ್ಷರಂಥವರಿಗೆ ಕೊಟ್ಟಿತು. ಹೊಡೆಯುವವರ ಕೈಯಲ್ಲಿ ಲೈಸೆನ್ಸ್ ಇರುವ ಕೋವಿ ಇರಬೇಕು. ವಿಷ, ಸ್ಫೋಟಕ, ಕರೆಂಟ್ ತಂತಿ ಯಾವುದೂ ನಡೆಯುವುದಿಲ್ಲ. ಅದರಿಂದಾಚೆ ನಾನು ಹೇಳುವ ರೈಫಲ್ ಕತೆಗಳೆಲ್ಲ ಹೆಚ್ಚಾಗಿ ಹೊರದೇಶದ ಬೇಟೆಗಾರರದ್ದು. ಗುಂಡಿಗೆ ಮಾತ್ರ ದೇಶ ಗೊತ್ತಿಲ್ಲ, ಎಲ್ಲಿ ಹಾರಿಸಿದರೂ ಅದರ ಲೆಕ್ಕ ಒಂದೇ.

ನನಗೆ ಈ ವಿಷಯದ ಹುಚ್ಚು ಹಿಡಿದದ್ದು ಒಂದು ಅವಮಾನದಿಂದ. ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದೆ. 0.22 ರೈಫಲ್, 25 ಗಜ ದೂರದಲ್ಲಿ ಟಾರ್ಗೆಟ್, ಟಾರ್ಪಾಲಿನ ಮೇಲೆ ಬೋರಲು ಮಲಗಿ ಐದು ಗುಂಡು. ನನ್ನ ಪಕ್ಕದವನ ಕಾಗದದಲ್ಲಿ ಪೆನ್ಸಿಲಿನಿಂದ ಚುಚ್ಚಿದ ಹಾಗೆ ಐದು ದುಂಡನೆ ತೂತು. ನನ್ನ ಕಾಗದದಲ್ಲಿ ಮೂರೇ ತೂತು, ಅವೂ ದುಂಡಗಿಲ್ಲ. ಒಂದು ಹುಣಸೆಬೀಜದ ಹಾಗೆ ಉದ್ದುದ್ದ. ಇನ್ನೊಂದು ಹಳೇ ಬೀಗದ ಕೀಲಿ ತೂತಿನ ಹಾಗೆ, ಮೇಲೆ ದಪ್ಪ ಕೆಳಗೆ ಸಪೂರ. ಉಳಿದ ಎರಡು ಗುಂಡು ಎಲ್ಲಿ ಹೋದವೋ! "ಟ್ರಿಗರ್ ಎಳೆಯುವಾಗ ಕೈ ನಡುಗಿಸುತ್ತೀಯ" ಅಂತ ನಮ್ಮ ಮೇಲಿನವರು ಎಲ್ಲರೆದುರು ಬೈದರು. ತಂಡದಿಂದ ನನ್ನ ಹೆಸರು ಹೋಯಿತು. ಕೈ ನಡುಗಿದರೆ ಗುಂಡು ಬೇರೆ ಕಡೆ ಹೋಗಬಹುದು, ಅಡ್ಡಡ್ಡ ಹೇಗೆ ಹೋಗುತ್ತದೆ? ಕೇಳುವ ಧೈರ್ಯ ಆಗಲಿಲ್ಲ. ಮರುವರ್ಷ ಕೋವಿ ರಿಪೇರಿಗೆ ಬಂದ ಒಬ್ಬ ವಯಸ್ಸಾದ ಹವಾಲ್ದಾರರು ಅದೇ ರೈಫಲಿನ ಬೋಲ್ಟ್ ತೆಗೆದು, ನಳಿಗೆಯನ್ನು ಬೆಳಕಿಗೆ ಹಿಡಿದು, ನನಗೂ ತೋರಿಸಿದರು. ಒಳಗಿನ ಗೀರುಗಳೆಲ್ಲ ಸವೆದು, ಮೇಲೆ ಸೀಸ ಮೆತ್ತಿಕೊಂಡು, ನೀರಿನ ಪೈಪಿನ ಹಾಗೆ ನುಣ್ಣಗಾಗಿತ್ತು. ಗುಂಡು ತಿರುಗದೆ ಜಾರಿಕೊಂಡು ಹೊರಬಂದು ಗಾಳಿಯಲ್ಲಿ ಲಾಗ ಹಾಕುತ್ತಿತ್ತು. ಕಾಗದಕ್ಕೆ ತಾಗುವಾಗ ಅದು ಯಾವ ಮಗ್ಗುಲಲ್ಲಿತ್ತೋ ಅದೇ ಆಕಾರದ ತೂತು.

ಈಗ ಈ ಬುಗುರಿ ನೋಡಿ.

(ಇಲ್ಲಿ ಮೇಜಿನ ಮೇಲೆ ಒಂದು ಮರದ ಬುಗುರಿ ಆಡಿಸಿ ತೋರಿಸಿದೆ. ಮೊದಲ ಸಲ ಅದು ಹಾರಿ ಎದುರು ಸಾಲಿನ ಕುರ್ಚಿಯ ಅಡಿಗೆ ಹೋಯಿತು. ಎರಡನೆಯ ಸಲ ನಿಂತಿತು.)

ಸುಮ್ನೆ ಮೊಳೆಯ ಮೇಲೆ ನಿಲ್ಲಿಸಿದರೆ ಬೀಳುತ್ತದೆ. ಭೂಮಿ ಎಳೆದು ಬೀಳಿಸುತ್ತದೆ. ತಿರುಗಿಸಿ ಬಿಟ್ಟರೆ ಅದೇ ಭೂಮಿ ಅಷ್ಟೇ ಎಳೆದರೂ ಬೀಳುವುದಿಲ್ಲ. ಬೀಳುವ ಬದಲು ತಲೆಯನ್ನು ನಿಧಾನಕ್ಕೆ ಸುತ್ತ ಆಡಿಸುತ್ತದೆ. ಬಿಟ್ಟ ಕೂಡಲೇ ಸ್ವಲ್ಪ ತೂಗಾಡಿ, ಆಮೇಲೆ ಅಲ್ಲಾಡದೆ ನಿಲ್ಲುತ್ತದಲ್ಲ, ನಾವು ಮಕ್ಕಳಿರುವಾಗ "ಬುಗುರಿಗೆ ನಿದ್ದೆ ಬಂತು" ಅನ್ನುತ್ತಿದ್ದೆವು. ಗುಂಡು ಕೂಡ ಹಾಗೆಯೇ. ನಳಿಗೆಯ ಬಾಯಿ ಬಿಟ್ಟ ಮೇಲೆ ಸ್ವಲ್ಪ ದೂರ ತೂಗಾಡುತ್ತದೆ, ಆಮೇಲೆ ನಿದ್ದೆ ಹೋಗುತ್ತದೆ.

ಬುಗುರಿಯನ್ನು ಬೀಳಿಸುವುದು ಭೂಮಿ. ಗುಂಡನ್ನು ಬೀಳಿಸುವುದು ಗಾಳಿ. ರೈಫಲ್ ಗುಂಡಿನ ಮೂತಿ ಚೂಪು, ಹಿಂದೆ ದಪ್ಪ. ಅದರ ತೂಕದ ನಡು ಹಿಂದಕ್ಕಿರುತ್ತದೆ. ಗಾಳಿ ಅದನ್ನು ಒತ್ತುವ ಜಾಗ ಮಾತ್ರ ಮುಂದಕ್ಕೆ, ಮೂತಿಯ ಹತ್ತಿರ. ಮೂತಿ ಒಂದೆಳೆ ಮೇಲೆದ್ದರೆ ಸಾಕು, ಗಾಳಿ ಅದನ್ನು ಇನ್ನೂ ಮೇಲಕ್ಕೆ ತಳ್ಳಿ ಮಗುಚಿ ಹಾಕಲು ನೋಡುತ್ತದೆ. ಬಾಣಕ್ಕೆ ಈ ತಾಪತ್ರಯ ಇಲ್ಲ. ಅದರ ತೂಕ ಮುಂದೆ, ಗರಿ ಹಿಂದೆ. ಗಾಳಿ ಬಾಲವನ್ನು ಹಿಡಿದು ನೆಟ್ಟಗೆ ಮಾಡುತ್ತದೆ. ನಮ್ಮ ಬೇಕಲ ಕೋಟೆಯನ್ನೂ ಆಳಿದ ಟಿಪ್ಪುವಿನ ಸೈನ್ಯದ ರಾಕೆಟ್ಟಿಗೆ ಉದ್ದದ ಬಿದಿರು ಕಟ್ಟಿದ್ದೂ ಇದಕ್ಕೇ. ಇಂಗ್ಲಿಷರು ಆ ರಾಕೆಟ್ ನೋಡಿ ಕಲಿತು ತಮ್ಮದನ್ನು ಮಾಡಿಕೊಂಡರು. 1844ರಲ್ಲಿ ವಿಲಿಯಂ ಹೇಲ್ ಅನ್ನುವವನು ಕೋಲು ಕಿತ್ತು ಬಿಸಾಡಿ, ರಾಕೆಟ್ಟನ್ನೇ ತಿರುಗುವ ಹಾಗೆ ಮಾಡಿದ. ಬಾಲ ಇಲ್ಲದ್ದು ನೆಟ್ಟಗೆ ಹೋಗಬೇಕಾದರೆ ತಿರುಗಲೇಬೇಕು.

ನಳಿಗೆಯೊಳಗೆ ಈ ತಿರುಗುವಿಕೆ ಹೇಗೆ ಬರುತ್ತದೆ? ಅಡಕೆ ತೋಟದಲ್ಲಿ ಸಾಲುಗಳ ನಡುವೆ ಕಣಿ ತೋಡುತ್ತೇವಲ್ಲ, ಅದೇ ಥರ ನಳಿಗೆಯ ಒಳಮೈಯಲ್ಲಿ ಉದ್ದಕ್ಕೆ ಕಣಿ ಕೊರೆದಿರುತ್ತಾರೆ. ಎರಡು ಕಣಿಗಳ ನಡುವೆ ಏಣು. ನೇರವಾಗಿ ಅಲ್ಲ, ಹಾವು ಮರಕ್ಕೆ ಸುತ್ತಿದ ಹಾಗೆ ತಿರುಚಿಕೊಂಡು. ಗುಂಡು ನಳಿಗೆಗಿಂತ ಒಂದು ಕೂದಲಿನಷ್ಟು ದಪ್ಪ ಇರುತ್ತದೆ. ಮದ್ದಿನ ಒತ್ತಡಕ್ಕೆ ಅದು ಏಣುಗಳ ನಡುವೆ ತೂರಿಕೊಂಡು ಹೋಗುವಾಗ ಏಣು ಅದರ ಮೈಗೆ ಕಚ್ಚಿ ತಿರುಗಿಸುತ್ತದೆ. ಈ ಸ್ಟೀಲ್ ತಟ್ಟೆಯಲ್ಲಿ ಇರುವುದು ಏರ್ ರೈಫಲಿನ ಸೀಸದ ಪೆಲೆಟ್. ಎರಡಿವೆ. ಒಂದು ಡಬ್ಬಿಯಿಂದ ತೆಗೆದದ್ದು, ಇನ್ನೊಂದನ್ನು ನಾನು ಕೋಲಿನಿಂದ ಮೆಲ್ಲನೆ ನಳಿಗೆಯುದ್ದಕ್ಕೂ ತಳ್ಳಿ ಹೊರತೆಗೆದದ್ದು. ಎರಡನೆಯದರ ಲಂಗದ ಸುತ್ತ, ಅಂದರೆ ಹಿಂದಿನ ಅಗಲ ಅಂಚಿನ ಸುತ್ತ, ಓರೆಯಾಗಿ ಗೀರು ಬಿದ್ದಿದೆ ನೋಡಿ. ಉಗುರು ಆಡಿಸಿದರೆ ಗೊತ್ತಾಗುತ್ತದೆ. ಆ ಓರೆ ಎಷ್ಟು ಅನ್ನುವುದೇ ನಮ್ಮ ವಿಷಯ.

ತಟ್ಟೆ ಹಿಂದಿನ ಸಾಲಿಗೆ ಹೋಗುವಷ್ಟರಲ್ಲಿ ಒಂದು ಉಪಕತೆ ಹೇಳುತ್ತೇನೆ. ಹೀಗೆ ಬಿಗಿಯಾಗಿ ಕೂರುವ ಗುಂಡನ್ನು ನಳಿಗೆಯ ಬಾಯಿಯಿಂದ ತುಂಬುವುದು ಹಿಂದೆ ಬಲು ಕಷ್ಟವಾಗಿತ್ತು. 1849ರಲ್ಲಿ ಫ್ರಾನ್ಸಿನ ಮಿನಿಯೇ ತಳ ಟೊಳ್ಳಾದ ಗುಂಡು ಮಾಡಿದ. ತುಂಬುವಾಗ ಸಡಿಲ, ಹಾರುವಾಗ ತಳ ಅರಳಿ ಬಿಗಿ. 1853ರ ಎನ್‌ಫೀಲ್ಡ್ ರೈಫಲ್ ಬಂದದ್ದು ಆ ದಾರಿಯಲ್ಲೇ. ಅದರ ತಿರುಪು 78 ಇಂಚಿಗೆ ಒಂದು ಸುತ್ತು. ಗುಂಡು ಸಲೀಸಾಗಿ ಕೆಳಗಿಳಿಯಲಿ, ನಳಿಗೆಯಲ್ಲಿ ಕಿಟ್ಟ ಕಟ್ಟದಿರಲಿ ಅಂತ ತೋಟಾಕ್ಕೆ ಕೊಬ್ಬು ಸವರುತ್ತಿದ್ದರು. ಆ ಕೊಬ್ಬು ಯಾವ ಪ್ರಾಣಿಯದ್ದು ಅನ್ನುವ ಗುಲ್ಲು 1857ರಲ್ಲಿ ಎಲ್ಲಿಗೆ ಮುಟ್ಟಿತು ಅಂತ ನಿಮಗೇ ಗೊತ್ತು. ಪಾಠಪುಸ್ತಕದಲ್ಲಿ ಕೊಬ್ಬಿನ ವಿಷಯ ಇದೆ. ಕೊಬ್ಬು ಯಾಕೆ ಬೇಕಾಯಿತು ಅನ್ನುವುದನ್ನು ನನಗೆ ಯಾವ ಮಾಷ್ಟ್ರೂ ಹೇಳಿರಲಿಲ್ಲ.

ಸರಿ. 1:10 ಅಂತ ಬರೆದಿದ್ದರೆ 10 ಇಂಚು ಮುಂದೆ ಹೋಗುವುದರೊಳಗೆ ಗುಂಡು ಒಂದು ಪೂರ್ತಿ ಸುತ್ತು ಹಾಕುತ್ತದೆ ಅಂತ ಅರ್ಥ. ಅಂಕೆ ಸಣ್ಣದಾದಷ್ಟೂ ತಿರುಪು ಬಿಗಿ. 1:7 ಬಿಗಿ, 1:14 ಸಡಿಲ. ಇಲ್ಲಿ ಎಲ್ಲರೂ ಒಮ್ಮೆ ಎಡವುತ್ತಾರೆ, ನಾನೂ ಎಡವಿದ್ದೇನೆ.

ಸೆಕೆಂಡಿಗೆ 2,700 ಅಡಿ ವೇಗದ ಗುಂಡು 1:10 ನಳಿಗೆಯಿಂದ ಬಂದರೆ ಸೆಕೆಂಡಿಗೆ 3,240 ಸುತ್ತು. ನಿಮಿಷಕ್ಕೆ 1,94,400. ನಮ್ಮ ಅಡುಗೆಮನೆಯ ಮಿಕ್ಸಿ ನಿಮಿಷಕ್ಕೆ 18,000-20,000 ಸುತ್ತು ತಿರುಗುತ್ತದೆ, ಅಷ್ಟಕ್ಕೇ ಪಕ್ಕದ ಮನೆಗೆ ಕೇಳುತ್ತದೆ. ಅದರ ಹತ್ತು ಪಟ್ಟು ಇದು. ಯಕ್ಷಗಾನದ ಧೀಂಗಿಣದಲ್ಲಿ ವೇಷಧಾರಿ ನೂರು ಗಿರ್ಕಿ ಹೊಡೆದರೆ ನಾವು ಚಪ್ಪಾಳೆ ತಟ್ಟುತ್ತೇವೆ, ಅಲ್ವಾ? ಗುಂಡು ಮುಂದೆ ಹೋದ ಹಾಗೆ ವೇಗ ಬೇಗ ಇಳಿಯುತ್ತದೆ, ತಿರುಗುವುದು ಅಷ್ಟು ಬೇಗ ಇಳಿಯುವುದಿಲ್ಲ. ಹಾಗಾಗಿ ಹೊರಡುವಾಗ ನೆಟ್ಟಗಿದ್ದ ಗುಂಡು ಬೇಟೆಯ ದೂರದಲ್ಲಿ ಕೆಡುವುದು ಕಡಿಮೆ. ಕೆಡುವುದಿದ್ದರೆ ನಳಿಗೆಯ ಬಾಯಲ್ಲೇ ಕೆಟ್ಟಿರುತ್ತದೆ.

ಹಾಗಾದರೆ ಎಷ್ಟು ತಿರುಪು ಬೇಕು? ಹೆಚ್ಚಿನವರು ತೂಕ ನೋಡುತ್ತಾರೆ. "150 ಗ್ರೇನಿಗೆ ಇಷ್ಟು, 180 ಗ್ರೇನಿಗೆ ಅಷ್ಟು" ಅನ್ನುತ್ತಾರೆ. ಪೆಟ್ಟಿಗೆಯ ಮೇಲೆ ತೂಕವೇ ದೊಡ್ಡದಾಗಿ ಬರೆದಿರುವುದರಿಂದ ಹಾಗೆ ಆಗುತ್ತದೆ. ನಿಜವಾಗಿ ನೋಡಬೇಕಾದದ್ದು ಉದ್ದ. ದಪ್ಪ ಅಷ್ಟೇ ಇದ್ದು ಉದ್ದ ಹೆಚ್ಚಾದಷ್ಟೂ ಗಾಳಿಗೆ ಮಗುಚಲು ಸನ್ನೆಕೋಲು ಸಿಕ್ಕಿದ ಹಾಗೆ. ಗಿಡ್ಡ ಗುಂಡಿಗೆ ಸಡಿಲ ತಿರುಪು ಸಾಕು, ಉದ್ದದ್ದಕ್ಕೆ ಬಿಗಿ ಬೇಕು.

ಇದಕ್ಕೊಂದು ಹಳೆಯ ಲೆಕ್ಕ ಇದೆ. ಇಂಗ್ಲೆಂಡಿನ ವುಲಿಚ್‌ನಲ್ಲಿ ಫಿರಂಗಿ ಪಡೆಯವರಿಗೆ ಗಣಿತ ಕಲಿಸುತ್ತಿದ್ದ ಜಾರ್ಜ್ ಗ್ರೀನ್‌ಹಿಲ್ 1879ರಲ್ಲಿ ಮಾಡಿದ್ದು. ನಮ್ಮವನೇ, ಮಾಷ್ಟ್ರು. ಗುಂಡಿನ ವ್ಯಾಸವನ್ನು ಅದರಿಂದಲೇ ಗುಣಿಸಿ. ಬಂದದ್ದನ್ನು 150ರಿಂದ ಗುಣಿಸಿ. ಗುಂಡಿನ ಉದ್ದದಿಂದ ಭಾಗಿಸಿ. ಎಲ್ಲ ಇಂಚಿನಲ್ಲಿ. ಬೋರ್ಡಿನ ಮೇಲೆ ಮಾಡೋಣ. ನಮ್ಮಲ್ಲಿ ಲೈಸೆನ್ಸಿಗೆ ಸಿಗುವ ರೈಫಲ್‌ಗಳಲ್ಲಿ .30-06 ಒಂದು. ಅದರ ಗುಂಡಿನ ವ್ಯಾಸ 0.308 ಇಂಚು. ಅದನ್ನು ಅದರಿಂದಲೇ ಗುಣಿಸಿದರೆ 0.0949. 150ರಿಂದ ಗುಣಿಸಿದರೆ 14.23. ಗುಂಡಿನ ಉದ್ದ 1.2 ಇಂಚಾದರೆ ಉತ್ತರ 11.9, ಅಂದರೆ 12 ಇಂಚಿನ ತಿರುಪು ಸಾಕು. ಉದ್ದ 1.4 ಆದರೆ 10.2. 0.2 ಇಂಚಿನಷ್ಟು ಉದ್ದ ಹೆಚ್ಚಾದದ್ದಕ್ಕೆ ನಳಿಗೆಯೇ ಬೇರೆ ಬೇಕಾಯಿತು. .30-06ಗೆ ಸಾಮಾನ್ಯವಾಗಿ 1:10 ಕೊಡುವುದು ಇದಕ್ಕೇ, ಉದ್ದದ ಗುಂಡೂ ನಡೆಯಲಿ ಅಂತ.

ಈ ಲೆಕ್ಕ ಸೀಸದ ಗುಂಡಿಗೆ ಹೊಂದುವಂಥದ್ದು. ವೇಗ 2,800 ಅಡಿ ದಾಟಿದರೆ 150ರ ಬದಲು 180 ಹಾಕುತ್ತಾರೆ. 2005ರಲ್ಲಿ ಡಾನ್ ಮಿಲ್ಲರ್ ಅನ್ನುವವರು ತೂಕ, ವೇಗ, ಗಾಳಿಯ ಸಾಂದ್ರತೆ ಎಲ್ಲ ಸೇರಿಸಿ ಇನ್ನೂ ಚೆನ್ನಾದ ಲೆಕ್ಕ ಕೊಟ್ಟರು. ಅದರಲ್ಲಿ ಉತ್ತರ ಒಂದು ಅಂಕೆಯಾಗಿ ಬರುತ್ತದೆ. ಒಂದಕ್ಕಿಂತ ಕಡಿಮೆ ಬಂದರೆ ಗುಂಡು ಮಗುಚುತ್ತದೆ. ಒಂದೂವರೆಯ ಹತ್ತಿರ ಬಂದರೆ ಆರಾಮ. ಒಂದೂಕಾಲು ಬಂದರೆ ನಮ್ಮ ಹಳೇ ಜೀಪಿನ ಹಾಗೆ, ಹೋಗುತ್ತದೆ, ಆದರೆ ನಂಬಿ ಕೂರುವಂತಿಲ್ಲ.

ಉದ್ದದ ಲೆಕ್ಕ ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ಒಂದು ಕತೆ ನನಗೆ ಬಹಳ ಇಷ್ಟ. 1955ರಲ್ಲಿ ಅಲ್ಲಿನ ಎರಡು ಕಂಪನಿಗಳು ಒಂದೇ ದಪ್ಪದ ಗುಂಡಿಗೆ ಎರಡು ಹೊಸ ತೋಟಾ ತಂದವು. ವಿಂಚೆಸ್ಟರ್ ತಂದದ್ದು .243, ರೆಮಿಂಗ್ಟನ್ ತಂದದ್ದು .244. ಗುಂಡಿನ ದಪ್ಪ ಎರಡಕ್ಕೂ 0.243 ಇಂಚೇ. ಮದ್ದು ಹಿಡಿಯುವುದರಲ್ಲಿ ರೆಮಿಂಗ್ಟನ್ನಿನದ್ದೇ ಒಂದು ಕೈ ಮೇಲು. ಆದರೆ ರೆಮಿಂಗ್ಟನ್ನಿನವರು, ಇದು ಹೊಲ ಹಾಳು ಮಾಡುವ ಸಣ್ಣ ಪ್ರಾಣಿಗಳಿಗೆ ತಾನೇ ಅಂದುಕೊಂಡು, ಹಗುರ ಗುಂಡಿಗೆ ಹೊಂದುವ 1:12 ತಿರುಪು ಕೊಟ್ಟರು. ವಿಂಚೆಸ್ಟರಿನವರು 1:10 ಕೊಟ್ಟರು. ಬೇಟೆಗಾರರ ಯೋಚನೆ ಬೇರೆಯೇ ಇತ್ತು. ಅವರಿಗೆ ಒಂದೇ ಕೋವಿಯಲ್ಲಿ ಸಣ್ಣ ಪ್ರಾಣಿಯೂ ಆಗಬೇಕು, ಜಿಂಕೆಯೂ ಆಗಬೇಕು. ಜಿಂಕೆಗೆ 100 ಗ್ರೇನಿನ ಚೂಪು ಮೂತಿಯ ಉದ್ದ ಗುಂಡು ಬೇಕು. .243ರಲ್ಲಿ ಅದು ನೆಟ್ಟಗೆ ಹೋಯಿತು. .244ರಲ್ಲಿ 90 ಗ್ರೇನಿನವರೆಗೆ ಸರಿ, 100ಕ್ಕೆ ಭರವಸೆ ಇಲ್ಲ. ಜನ .243 ಕೊಂಡರು. 1963ರಲ್ಲಿ ರೆಮಿಂಗ್ಟನ್ 1:9 ತಿರುಪಿನ ಜೊತೆ ಅದೇ ತೋಟಾಕ್ಕೆ 6 ಎಂಎಂ ರೆಮಿಂಗ್ಟನ್ ಅಂತ ಹೊಸ ಹೆಸರಿಟ್ಟು ಮತ್ತೆ ಮಾರುಕಟ್ಟೆಗೆ ಬಿಟ್ಟಿತು. ಅಷ್ಟರಲ್ಲಿ ಸಂತೆ ಮುಗಿದಿತ್ತು. ಇವತ್ತಿಗೂ .243 ಎಲ್ಲ ಕಡೆ ಸಿಗುತ್ತದೆ. ಎರಡು ಇಂಚಿನ ತಿರುಪಿನಲ್ಲಿ ಒಂದು ಒಳ್ಳೆಯ ತೋಟಾ ಮೂಲೆಗೆ ಬಿತ್ತು.

"ನಮ್ಮ ಸೆಕೆಗೂ ಚಳಿ ದೇಶಕ್ಕೂ ವ್ಯತ್ಯಾಸ ಆಗುವುದಿಲ್ವಾ?" ಅಂತ ಒಬ್ಬ ಹುಡುಗ ಕೇಳಿದ. ಆಗುತ್ತದೆ. ಅಮೆರಿಕದ ಎಂ16 ರೈಫಲಿನ ಮೊದಲ ರೂಪಕ್ಕೆ 1:14 ತಿರುಪು ಇತ್ತು. ಸಾಮಾನ್ಯ ಹವೆಯಲ್ಲಿ ಹೇಗೋ ನಡೆಯಿತು. ಹಿಮದ ನಾಡಿನ ಕೊರೆಯುವ ಚಳಿಯಲ್ಲಿ ಪರೀಕ್ಷಿಸಿದಾಗ ಗುಂಡು ಓಲಾಡತೊಡಗಿತು. 1:12ಕ್ಕೆ ಬಿಗಿ ಮಾಡಿದರು. ಚಳಿ ಗಾಳಿ ದಟ್ಟ, ದಟ್ಟ ಗಾಳಿ ಜಾಸ್ತಿ ತಳ್ಳುತ್ತದೆ. ನಮ್ಮ 30 ಡಿಗ್ರಿಯ ಗಾಳಿಗಿಂತ ಮೈನಸ್ 40 ಡಿಗ್ರಿಯ ಗಾಳಿ ಸುಮಾರು 30 ಶೇಕಡಾ ದಟ್ಟ. ಆಮೇಲೆ ಆ ರೈಫಲಿಗೆ ಉದ್ದದ ಗುಂಡುಗಳು, ಅದರಲ್ಲೂ ಬೆಳಕು ಬಿಟ್ಟುಕೊಂಡು ಹೋಗುವ ಟ್ರೇಸರ್ ಗುಂಡು ಬಂದಾಗ 1:7ಕ್ಕೆ ಹೋಯಿತು. ಇನ್ನೊಂದು ಮಾತು. ನಮ್ಮ ಕರಾವಳಿಯ ತೇವದ ಗಾಳಿ ಭಾರ ಅಂತ ಎಲ್ಲರೂ ಅಂದುಕೊಳ್ಳುತ್ತೇವೆ. ಅದು ಮೈಗೆ ಭಾರ, ಅಷ್ಟೇ. ನೀರಾವಿ ಗಾಳಿಗಿಂತ ಹಗುರ. ಒಣಗಾಳಿಗಿಂತ ತೇವದ ಗಾಳಿ ತುಸು ಹಗುರವೇ. ನಮ್ಮ ತೇವದಿಂದ ಗುಂಡಿಗೆ ತೊಂದರೆ ಇಲ್ಲ. ತೊಂದರೆ ಏನಿದ್ದರೂ ನಳಿಗೆಗೆ. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿದ ಕೋವಿ ವಾಪಸ್ ಬರುವಾಗ ಒಳಗೆ ಕೆಂಪು ಪುಡಿ ಉದುರಿಸಿಕೊಂಡು ಬಂದದ್ದು ನನ್ನ ಅನುಭವ. ಒಪ್ಪಿಸುವ ಹಿಂದಿನ ದಿನ ನಳಿಗೆಗೆ ಧಾರಾಳವಾಗಿ ಎಣ್ಣೆ ಕುಡಿಸಿ.

ಹಾಗಾದರೆ ಎಲ್ಲದಕ್ಕೂ ಬಿಗಿ ತಿರುಪು ಕೊಟ್ಟುಬಿಟ್ಟರೆ ಆಯಿತಲ್ಲ? ಸ್ವಲ್ಪ ಬಿಗಿಯಾದರೆ ನಷ್ಟ ಇಲ್ಲ, ಸಡಿಲವಾಗುವುದಕ್ಕಿಂತ ವಾಸಿ. ಮಿತಿ ಮೀರಿದರೆ ಎರಡು ಕಾಟ. ಗುಂಡಿನಲ್ಲಿ ಎಲ್ಲೋ ಒಂದು ಕಡೆ ತೂಕ ಹೆಚ್ಚಿದ್ದರೆ, ಜೋರಾಗಿ ತಿರುಗುವಾಗ ಆ ದೋಷವೂ ದೊಡ್ಡದಾಗುತ್ತದೆ. ಒಂದು ಬದಿಗೆ ಬಟ್ಟೆ ಸೇರಿಕೊಂಡ ವಾಷಿಂಗ್ ಮೆಷಿನ್ ಕುಣಿಯುತ್ತದಲ್ಲ, ಹಾಗೆ. ಇನ್ನೊಂದು, ತೆಳು ಕವಚದ ಹಗುರ ಗುಂಡು ಆ ಸುತ್ತಿಗೆ ಗಾಳಿಯಲ್ಲೇ ಸಿಡಿದು ಪುಡಿಯಾಗುವುದುಂಟು.

ಈಗ ಬೇಟೆಗಾರರ ದೊಡ್ಡ ಮೂಢನಂಬಿಕೆ. "ಬಿಗಿ ತಿರುಪಿದ್ದರೆ ಗುಂಡು ಬೈರಿಗೆಯ ಹಾಗೆ ಕೊರೆದುಕೊಂಡು ಹೋಗುತ್ತದೆ" ಅನ್ನುತ್ತಾರೆ. ಲೆಕ್ಕ ಹಾಕಿ. 1:10 ತಿರುಪಿನ ಗುಂಡು 10 ಇಂಚು ಹೋಗುವುದಕ್ಕೆ ಒಂದು ಸುತ್ತು. ಹಂದಿಯ ಎದೆಯ ಅಗಲ ಒಂದು ಅಡಿ ಅಂದುಕೊಂಡರೂ ಅದರೊಳಗೆ ಒಂದೂ ಚಿಲ್ಲರೆ ಸುತ್ತು. ಬೈರಿಗೆಯನ್ನು ಒಂದು ಸುತ್ತು ತಿರುಗಿಸಿ ಹಲಗೆಗೆ ತೂತು ಮಾಡಿದ ಬಡಗಿಯನ್ನು ನಾನು ನೋಡಿಲ್ಲ.

ಇನ್ನೊಂದು ಕಡೆಯಿಂದ ನೋಡಿ. ಮಾಂಸ ಅಂದರೆ ಹೆಚ್ಚುಕಡಿಮೆ ನೀರು. ಗಾಳಿಗಿಂತ 800 ಪಟ್ಟಿಗೂ ಜಾಸ್ತಿ ದಟ್ಟ. ಮಗುಚುವ ಬಲವೂ ಅಷ್ಟೇ ಪಟ್ಟು ಏರುತ್ತದೆ. ಅದನ್ನು ತಡೆಯಬೇಕಾದರೆ ಸುತ್ತು ಸುಮಾರು 30 ಪಟ್ಟು ಹೆಚ್ಚಬೇಕು. 1:10ರ ಜಾಗದಲ್ಲಿ ಮೂರನೇ ಒಂದು ಇಂಚಿಗೆ ಒಂದು ಸುತ್ತು. ಅದು ನಳಿಗೆ ಅಲ್ಲ ಮಾರಾಯ್ರೇ, ಬೋಲ್ಟಿಗೆ ಹಾಕುವ ನಟ್ಟು! ಅಂದರೆ ಮೈಯೊಳಗೆ ಹೊಕ್ಕ ಮೇಲೆ ತಿರುಪಿನ ಕೆಲಸ ಮುಗಿಯಿತು. ಅಲ್ಲಿ ಕೆಲಸ ಮಾಡುವುದು ಗುಂಡಿನ ರಚನೆ. ಬೇಟೆಯ ಗುಂಡಿನ ಮೂತಿ ಮೆದು. ತಾಗಿದ ಕೂಡಲೇ ಅರಳಿ ಅಣಬೆಯ ಹಾಗಾಗುತ್ತದೆ. ಉದ್ದ ಕಡಿಮೆಯಾಗುತ್ತದೆ, ತೂಕ ಮುಂದೆ ಬರುತ್ತದೆ, ಆಕಾರದಿಂದಲೇ ನೆಟ್ಟಗೆ ಹೋಗುತ್ತದೆ. ಆದರೆ ಅದು ಅರಳಬೇಕಾದರೆ ಮೊದಲು ಮೂತಿಯೇ ತಾಗಬೇಕು. ಅಡ್ಡಡ್ಡ ಬಂದು ಮಗ್ಗುಲು ತಾಗಿದರೆ ಏನಾಗುತ್ತದೆ ಅಂತ ಹೇಳುವ ಹಾಗಿಲ್ಲ. ಎಲ್ಲಿಗೆ ತಿರುಗಿಕೊಂಡು ಹೋಗುತ್ತದೋ! ಹಂದಿ ಸಾಯುವುದಿಲ್ಲ, ಕುರುಚಲಿಗೆ ನುಗ್ಗುತ್ತದೆ. ಗಾಯಗೊಂಡ ಹಂದಿ ಮರುದಿನ ಬೆಳಿಗ್ಗೆ ಹುಲ್ಲು ಕೊಯ್ಯಲು ಹೋದವರ ಮೈಮೇಲೆ ಬರುತ್ತದೆ. ತಿರುಪಿನ ಲೆಕ್ಕ ಬೇಕಾಗುವುದು ಇಲ್ಲಿ. ಗುಂಡನ್ನು ಮೂಗು ಮುಂದಾಗಿ ಪ್ರಾಣಿಯ ತನಕ ಮುಟ್ಟಿಸುವುದಷ್ಟೇ ಅದರ ಕೆಲಸ.

ನಡುವೆ ಕಡ್ಡಿಯೊಂದು ತಾಗಿದರೂ ಮುಗಿಯಿತು. "ದಪ್ಪ ಗುಂಡು ಪೊದೆ ಸೀಳಿಕೊಂಡು ಹೋಗುತ್ತದೆ" ಅನ್ನುವ ಮಾತನ್ನು ನಂಬಬೇಡಿ. ಯಾವ ತಿರುಪೂ ಪೊದೆಯನ್ನು ಗೆಲ್ಲುವುದಿಲ್ಲ.

ಇತ್ತೀಚೆಗೆ ಉದ್ದದ ವಿಷಯ ಮತ್ತೆ ಮುಂದೆ ಬಂದಿದೆ. ಸೀಸ ವಿಷ. ಗುಂಡು ತಾಗಿ ಸತ್ತ ಪ್ರಾಣಿಯ ಕರುಳು ತಿಂದು ಕ್ಯಾಲಿಫೋರ್ನಿಯಾದ ಕಾಂಡೋರ್ ರಣಹದ್ದುಗಳು ಸಾಯುತ್ತಿದ್ದವು. 2019ರ ಜುಲೈ 1ರಿಂದ ಅಲ್ಲಿ ಬೇಟೆಗೆ ಸೀಸದ ಗುಂಡು ಪೂರ್ತಿ ನಿಷೇಧ. ಬದಲಿಗೆ ತಾಮ್ರ. ತಾಮ್ರ ಸೀಸಕ್ಕಿಂತ ಹಗುರ, ಹಾಗಾಗಿ ಅದೇ ತೂಕ ಬೇಕಾದರೆ ಗುಂಡು ಉದ್ದವಾಗಲೇಬೇಕು. ಅಪ್ಪನ ಕಾಲದ ರೈಫಲಿಗೆ ಅದೇ ತೂಕದ ತಾಮ್ರದ ಗುಂಡು ಹಾಕಿ, "ತೂಕ ಅದೇ, ಗುರಿ ಯಾಕೆ ಕೆಟ್ಟಿತು" ಅಂತ ಅಲ್ಲಿನವರು ತಲೆ ಕೆರೆದುಕೊಳ್ಳುವುದು ಇದಕ್ಕೇ.

"ಮಾಷ್ಟ್ರೇ, ನಮ್ಮ ಹತ್ತಿರ ಇರುವುದು ತಿರುಪೇ ಇಲ್ಲದ ತೋಟೆಕೋವಿ. ನಮಗೇನು ಬಂತು?" ಅಂತ ಭಾವ ಕೇಳಿದರು. ನ್ಯಾಯವಾದ ಪ್ರಶ್ನೆ. ಇಲ್ಲಿ ಕುಳಿತ ಲೈಸೆನ್ಸುದಾರರಲ್ಲಿ ಹೆಚ್ಚಿನವರದ್ದು 12 ಬೋರ್, ಒಳಮೈ ನುಣುಪು. ಚರೆ, ಅಂದರೆ ಸಣ್ಣ ಸಣ್ಣ ಸೀಸದ ಉಂಡೆ, ಹಾಕಿದರೆ ತಿರುಪಿನ ಅಗತ್ಯ ಇಲ್ಲ. ಚರೆ ದುಂಡಗೆ. ದುಂಡಗಿನದ್ದಕ್ಕೆ ಮೂತಿಯೂ ಇಲ್ಲ, ಬಾಲವೂ ಇಲ್ಲ, ಮಗುಚುವ ಪ್ರಶ್ನೆಯೇ ಇಲ್ಲ. ಆದರೆ ದುಂಡು ಗುಂಡೊಂದನ್ನು ನುಣುಪು ನಳಿಗೆಯಿಂದ ಹಾರಿಸಿದರೆ ಅದಕ್ಕೆ ಬೇರೆ ರೋಗ. ನಳಿಗೆಯಲ್ಲಿ ಯಾವ ಬದಿಗೆ ಉಜ್ಜುತ್ತದೋ ಅದರ ಪ್ರಕಾರ ಒಂದೊಂದು ಸಲ ಒಂದೊಂದು ಕಡೆ ತಿರುಗಿಕೊಂಡು ಹೊರಗೆ ಬರುತ್ತದೆ, ತಿರುಗಿದ ಕಡೆಗೆ ಬಾಗುತ್ತದೆ. ಕ್ರಿಕೆಟ್ ಚೆಂಡು ಗಾಳಿಯಲ್ಲಿ ಬಾಗುತ್ತದಲ್ಲ, ಹಾಗೆ. ನಮ್ಮ ಕುಂಬಳೆಯ ಹೆಸರು ಹೊತ್ತ ಸ್ಪಿನ್ನರ್ ಒಬ್ಬರಿದ್ದಾರೆ, ಅವರ ಚೆಂಡು ಅಷ್ಟಾಗಿ ತಿರುಗದೆಯೂ 619 ಟೆಸ್ಟ್ ವಿಕೆಟ್ ತೆಗೆದುಕೊಟ್ಟಿತು. ಅದು ಬೇರೆ ವಿದ್ಯೆ.

ದುಂಡು ಗುಂಡು ಹೀಗೆ ಬಾಗುವುದನ್ನು ಮೊದಲು ತೋರಿಸಿಕೊಟ್ಟವನು ಬೆಂಜಮಿನ್ ರಾಬಿನ್ಸ್ ಅನ್ನುವ ಇಂಗ್ಲಿಷ್ ಗಣಿತಜ್ಞ. ಅವನು ಕೋವಿಯ ನಳಿಗೆಯ ತುದಿಯನ್ನು ಬೇಕೆಂದೇ ಎಡಕ್ಕೆ ಬಗ್ಗಿಸಿ ಹಾರಿಸಿದ. ದಾರಿಯಲ್ಲಿ ತೆಳು ಕಾಗದದ ಪರದೆಗಳನ್ನು ಸಾಲಾಗಿ ಕಟ್ಟಿ, ಗುಂಡು ಎಲ್ಲೆಲ್ಲಿ ತೂತು ಮಾಡಿತು ಅಂತ ನೋಡಿದ. ಗುಂಡು ಎಡಕ್ಕೆ ಹೊರಟು, ಆಮೇಲೆ ಬಲಕ್ಕೆ ಬಾಗಿತು! ಬಗ್ಗಿದ ನಳಿಗೆಯ ಬಲಗೋಡೆಗೆ ಉಜ್ಜಿ ಅದಕ್ಕೆ ಬಲಕ್ಕೆ ಎಳೆಯುವ ಸುತ್ತು ಬಂದಿತ್ತು. ನಳಿಗೆಗೆ ತಿರುಪು ಹಾಕಿ ಈ ಸುತ್ತನ್ನು ನಮ್ಮ ಹತೋಟಿಗೆ ತಂದುಕೊಂಡ ದೇಶ ಯುದ್ಧದಲ್ಲಿ ಮೇಲುಗೈ ಸಾಧಿಸುತ್ತದೆ ಅಂತ 1747ರಲ್ಲೇ ಹೇಳಿದ. ಅವನ ಮಾತು ನಿಜವಾಗಲು ನೂರು ವರ್ಷ ಬೇಕಾಯಿತು. ಹಾಗೆ ಹೇಳಿದ ಸ್ವಲ್ಪ ಕಾಲದಲ್ಲೇ ಈಸ್ಟ್ ಇಂಡಿಯಾ ಕಂಪನಿಯವರು ಕೋಟೆಗಳ ಕೆಲಸಕ್ಕೆ ಅವನನ್ನು ಮದರಾಸಿನ ಕಡೆಗೆ ಕರೆತಂದರು. ಜ್ವರ ಬಂದು 1751ರಲ್ಲಿ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ. ಗುಂಡು ಯಾಕೆ ತಿರುಗಬೇಕು ಅಂತ ಕಂಡುಕೊಂಡವನು ಮಣ್ಣಾದದ್ದು ನಮ್ಮ ತಮಿಳುನಾಡಿನ ಕರಾವಳಿಯಲ್ಲಿ.

ನುಣುಪು ನಳಿಗೆಗೆ ಒಂಟಿ ಗುಂಡೇ ಬೇಕಾದರೆ ಬಾಣದ ಉಪಾಯ. 1898ರಲ್ಲಿ ಜರ್ಮನಿಯ ಬ್ರೆನೆಕೆ, ಸೀಸದ ಗುಂಡಿನ ಹಿಂದೆ ಹಗುರವಾದ ಬಾಲವನ್ನೇ ಸಿಕ್ಕಿಸಿದ. 1931ರಲ್ಲಿ ಅಮೆರಿಕದ ಫಾಸ್ಟರ್, ಮುಂದೆ ಗಟ್ಟಿ ಹಿಂದೆ ಟೊಳ್ಳು ಇರುವ ಗುಂಡು ಮಾಡಿದ. ಶಟಲ್‌ಕಾಕಿನ ಹಾಗೆ. ಅವುಗಳ ಮೈಮೇಲೆ ಓರೆ ಏಣು ಇರುತ್ತದೆ, ತಿರುಗುವುದಕ್ಕೆ ಅಂತ ಅಂಗಡಿಯವರು ಹೇಳುತ್ತಾರೆ. ತಿರುಗುವುದು ಅತ್ಯಲ್ಪ. ನಳಿಗೆಯ ಬಾಯಿ ಕಿರಿದಾದ ಕಡೆ ಆ ಏಣು ಒತ್ತಿಕೊಂಡು ಗುಂಡು ಸಲೀಸಾಗಿ ಹೊರಗೆ ಹೋಗಲಿ ಅನ್ನುವುದೇ ಅದರ ಮುಖ್ಯ ಉಪಯೋಗ. ಭಾವ, ನಿಮ್ಮ ನಳಿಗೆಯ ಬಾಯಿ ಕಿರಿದು. ಬಾಯಿಗಿಂತ ದಪ್ಪದ ದುಂಡು ಗುಂಡನ್ನು ಅದರಲ್ಲಿ ಹಾಕಲೇಬೇಡಿ. ಇದು ಫಿಸಿಕ್ಸ್ ಅಲ್ಲ, ಅಕ್ಕನ ಪರವಾಗಿ ಹೇಳುವ ಮಾತು.

"ತಿರುಪು ಎಡಕ್ಕಾ ಬಲಕ್ಕಾ?" ಅಂತ ಇನ್ನೊಂದು ಪ್ರಶ್ನೆ ಬಂತು. ಯಾವ ಕಡೆಗಾದರೂ ನಡೆಯುತ್ತದೆ. ಹಳೆಯ .303 ಲೀ ಎನ್‌ಫೀಲ್ಡಿನದ್ದು ಎಡಕ್ಕೆ, 10 ಇಂಚಿಗೆ ಒಂದು ಸುತ್ತು. ಈಗಿನ ಹೆಚ್ಚಿನವು ಬಲಕ್ಕೆ. ತುಂಬಾ ದೂರಕ್ಕೆ ಹೊಡೆದರೆ ಗುಂಡು ತಿರುಗುವ ಕಡೆಗೇ ಸ್ವಲ್ಪ ಸರಿಯುತ್ತದೆ. ನಮ್ಮ ತೋಟದ 30 ಮೀಟರಿನಲ್ಲಿ ಅದನ್ನು ಮರೆತುಬಿಡಿ.

ಕೊನೆಗೆ ಅಳೆಯುವ ಕೆಲಸ. ಇದು ಲೈಸೆನ್ಸ್ ಬೇಡದ 0.177 ಏರ್ ರೈಫಲ್. ಪೆಲೆಟ್ ಇಲ್ಲ, ನಳಿಗೆ ಮುರಿದು ತೆರೆದಿಟ್ಟಿದ್ದೇನೆ, ಇಣುಕಿ ನೋಡಿ. ಇದು ಹಿಡಿ ಸಲೀಸಾಗಿ ತಿರುಗುವ ಒರೆಸುವ ಕೋಲು. ತುದಿಗೆ ಬಟ್ಟೆ ಬಿಗಿಯಾಗಿ ಸುತ್ತಿ ನಳಿಗೆಯ ಬಾಯಿಯಿಂದ ತಳ್ಳಿದರೆ ಬಟ್ಟೆ ಕಣಿ ಹಿಡಿದುಕೊಂಡು ಕೋಲನ್ನು ತಿರುಗಿಸುತ್ತದೆ. ಕೋಲಿಗೆ ಬಾವುಟದ ಹಾಗೆ ಒಂದು ಟೇಪು ಅಂಟಿಸಿದ್ದೇನೆ. ಟೇಪು ಮೇಲಿರುವಾಗ ನಳಿಗೆಯ ಬಾಯಿಯ ಹತ್ತಿರ ಕೋಲಿನ ಮೇಲೆ ಪೆನ್ನಿನಲ್ಲಿ ಒಂದು ಗುರುತು. ತಳ್ಳುತ್ತಾ ಹೋಗಿ ಟೇಪು ಪೂರ್ತಿ ಕೆಳಗೆ ಬಂದಾಗ ಇನ್ನೊಂದು ಗುರುತು. ನಡುವಿನ ದೂರ ಅರ್ಧ ಸುತ್ತು. ಎರಡರಿಂದ ಗುಣಿಸಿದರೆ ತಿರುಪು ಸಿಕ್ಕಿತು. ರೈಫಲ್ ಇರುವವರು ಮನೆಯಲ್ಲೂ ಹೀಗೇ ಅಳೆಯಬಹುದು. ಬೋಲ್ಟ್ ತೆಗೆದಿಟ್ಟು, ತೋಟಾ ಬೇರೆ ಕೋಣೆಯಲ್ಲಿಟ್ಟು.

ಮೊದಲು ಪ್ರಶ್ನೆ ಕೇಳಿದ್ದ ಹುಡುಗ ಮುಂದೆ ಬಂದ. ಒಂಬತ್ತನೇ ಕ್ಲಾಸಂತೆ. ಮೂರು ಸಲ ಅಳೆದ. ಮೊದಲ ಸಲ ಎಂಟೂವರೆ ಇಂಚು, ಮತ್ತೆರಡು ಸಲವೂ ಎಂಟೂಕಾಲು. "ಮೊದಲಿನ ಸಲ ಬಟ್ಟೆ ಸಡಿಲ ಇತ್ತು ಮಾಷ್ಟ್ರೇ, ಜಾರಿತು" ಅಂದ. ಹಾಗಂತ ನಾನು ಹೇಳಿಕೊಟ್ಟಿರಲಿಲ್ಲ. ಗ್ರೀನ್‌ಹಿಲ್ಲಿನ ಲೆಕ್ಕದ ಕೆಳಗೆ ಬೋರ್ಡಿನ ಮೇಲೆ 16½ ಅಂತ ಬರೆದು, ಕೈಯ ಸೀಮೆಸುಣ್ಣ ಚಡ್ಡಿಗೆ ಒರೆಸಿಕೊಂಡು ಹೋಗಿ ಕುಳಿತ.